ಟೇಲ್‌ಲೈಟಿನ ಕೆಳಗಿನ ತೂತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವರ್ಷ ಹಿಂಡಲಗಾದ ಡಾಕ್ಟರ್‌ಬಾಯಿಯವರ ಬಿಳಿ ಕಾರಿನ ಹಿಂದಿನ ದೀಪದೊಳಗೆ ನೀರು ತುಂಬಿಸಿದವನು ನಾನು. ದೀಪವನ್ನು ನಾನು ಮುಟ್ಟಿರಲಿಲ್ಲ. ಮುಟ್ಟಿ ಕೆಡಿಸಿದ್ದರೆ, ಕೆಲಸ ಬಾರದವನು ಅಂತ ನಾಲ್ಕು ಬೈಗುಳ ತಿಂದು ಪಾರಾಗುತ್ತಿದ್ದೆ. ನಾನು ಮಾಡಿದ್ದು ಅದಕ್ಕಿಂತ ಹೊಲಸು ಕೆಲಸ. ಅದನ್ನು ಬಲು ಚಂದ ಮಾಡಿದ್ದೆ ಅನ್ನುವುದು ಬೇರೆ ಮಾತು.

ಮೊನ್ನೆ ನಲ್ಲಿ ರಿಪೇರಿಯವನು ನಮ್ಮ ಮನೆಗೆ ಬಂದು ಬೇಸಿನ್ನಿನ ಸುತ್ತ ಸಿಲಿಕಾನ್ ಹಚ್ಚುತ್ತಿದ್ದ. ಕೆಟ್ಟ ಮಜ್ಜಿಗೆಯಂಥ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗರಿವಿಲ್ಲದೆ ಎರಡು ಸಲ ಕೆಮ್ಮಿದೆ. ಅವನು ತಿರುಗಿ ನೋಡಿ, "ಯಾಕ್ರೀ, ಆರಾಮಿಲ್ಲೇನು?" ಅಂದ. ಆರಾಮಿದ್ದೆ. ಕೆಮ್ಮಿದ್ದು ನಾನಲ್ಲ, ಯಲ್ಲಪ್ಪ ಮಿಸ್ತ್ರಿ. ಐದು ಮಳೆಗಾಲ ಕಳೆದರೂ ಆ ಮನುಷ್ಯ ನನ್ನ ಗಂಟಲಿನಿಂದ ಇಳಿದಿಲ್ಲ.

ಬೆಳಗಾವಿಯ ಆಟೋ ನಗರದಲ್ಲಿ ಮಿಸ್ತ್ರಿಯದೊಂದು ತಗಡಿನ ಗ್ಯಾರೇಜು. ನಾನು ಅಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದೆ. ಪಾನಾ, ಅಂದರೆ ಸ್ಪ್ಯಾನರ್, ಹಿಡಿಯುವುದರಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ದನಿಗಳ ನಕಲಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲ. ಪಾಸು ಇಲ್ಲದವನನ್ನು ಹಿಡಿದ ಕಂಡಕ್ಟರ್, ಗಾಡಿಯ ರೋಗವನ್ನು "ಗಿರ್ರ್ ಅಂತೈತ್ರಿ, ಆಮ್ಯಾಲೆ ಟಕ್ ಅಂತೈತ್ರಿ" ಎಂದು ವರ್ಣಿಸುವ ಗಿರಾಕಿ, ಬೇರಿಂಗ್ ಹೋದ ಜೀಪು, ಎಲ್ಲ ನನ್ನ ಬಾಯಲ್ಲಿದ್ದವು. ನನ್ನ ಸ್ವಂತ ದನಿಯೇ ಎಲ್ಲಕ್ಕಿಂತ ಕಳಪೆ, ಬ್ಯಾಟರಿ ಇಳಿದ ಸ್ಕೂಟರಿನ ಹಾರ್ನಿನಂಥದ್ದು. ಅದನ್ನು ಬಳಸುವ ಪ್ರಸಂಗ ಬಾರದಂತೆ ನೋಡಿಕೊಳ್ಳುತ್ತಿದ್ದೆ.

ನನ್ನ ಉತ್ತಮ ಸಾಧನೆಯೆಂದರೆ ಸ್ವತಃ ಮಿಸ್ತ್ರಿ. ಅವರು ಮಾತು ಶುರು ಮಾಡುವ ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಆಮೇಲೆ "ಐಕ್ ರೇ", ಕೇಳೋ, ಎಂದು ಮರಾಠಿಯಲ್ಲಿ ಕಿವಿ ಹಿಡಿದೆಳೆದು, ಉಳಿದದ್ದನ್ನು ಕನ್ನಡದಲ್ಲಿ ಬೈಯುತ್ತಿದ್ದರು. ನಾನು ಹಾಗೆ ಕೆಮ್ಮಿದರೆ ಬಾಜುವಿನ ಡೆಂಟಿಂಗ್ ಅಂಗಡಿಯವರು ಬೀಡಿ ಆರಿಸುತ್ತಿದ್ದರು. ಮಿಸ್ತ್ರಿ ಮಾತ್ರ ನನ್ನ ನಕಲಿಯನ್ನು ಎಂದೂ ಕೇಳಿರಲಿಲ್ಲ. ಅವರೆದುರು ಮಾಡುವಷ್ಟು ಧೈರ್ಯ ನನಗಿರಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ಮಿಸ್ತ್ರಿ ಒಂದು ಮಾತು ಅಂದಿದ್ದರು. ನಮ್ಮಲ್ಲಿ ಖಂಡೇನವಮಿಯ ದಿನ ಪಾನಾ ಇಕ್ಕಳಗಳನ್ನೆಲ್ಲ ತೊಳೆದು ಪೂಜೆ ಮಾಡಿದ ಮೇಲೆ, ದೊಡ್ಡ ಪಾನಾಡಬ್ಬಿಯನ್ನು ಮಿಸ್ತ್ರಿ ಎತ್ತಿ ಯಾರ ಮುಂದೆ ಇಡುತ್ತಾರೋ, ಮುಂದಿನ ವರ್ಷದ ಮುಖ್ಯ ಕೆಲಸವೆಲ್ಲ ಅವರದು. ಇಷ್ಟು ವರ್ಷ ಅವರು ತಮ್ಮ ಮುಂದೆಯೇ ಇಟ್ಟುಕೊಂಡು ತಾವೇ ಕೈಮುಗಿಯುತ್ತಿದ್ದರು. "ಐಕ್ ರೇ ಸದ್ಯಾ," ಅಂದರು ಆವತ್ತು ನನಗೆ, "ಈ ಸಲ ಡಬ್ಬಿ ನನ್ನ ಮುಂದ ಇಡಾಂಗಿಲ್ಲ. ಕಣ್ಣ ಸಾಕಾಗ್ಯಾವ." ಗ್ಯಾರೇಜಿನಲ್ಲಿ ಇದ್ದವನು ನಾನೊಬ್ಬನೇ. ಡಬ್ಬಿ ಇನ್ನೆಲ್ಲಿಗೆ ಹೋದೀತು? ಆ ರಾತ್ರಿಯಿಂದಲೇ ನಾನು ಸ್ವಲ್ಪ ಎದೆ ಮುಂದೆ ಮಾಡಿ ನಡೆಯತೊಡಗಿದ್ದೆ.

ಮೊದಲ ಮಳೆಯ ಜೊತೆಗೆ ಪರಸು ಬಂದ.

ಪರಶುರಾಮ ಖಾನಾಪುರದ ಕುಂಬಾರರ ಮನೆಯವನು, ನನ್ನದೇ ವಯಸ್ಸು. ಒಂದು ಚೀಲದಲ್ಲಿ ಅಂಗಿ, ಇನ್ನೊಂದರಲ್ಲಿ ಅರಿವೆಯಲ್ಲಿ ಸೋಸಿದ ಕೆಂಪು ಮಣ್ಣಿನ ಪುಡಿ ಹಿಡಿದು ಬಂದಿದ್ದ. ಮೊದಲ ದಿನವೇ ಅವನ ನಕಲಿ ಮಾಡಿ ಊಟದ ಹೊತ್ತಿಗೆ ನಗಿಸಬೇಕು ಅಂತ ಕಾದೆ. ಆಗಲಿಲ್ಲ. ಆಸಾಮಿ ಮಾತೇ ಆಡುತ್ತಿರಲಿಲ್ಲ. ಹೂಂ, ಹೌದ್ರಿ, ಇಲ್ರಿ, ಇಷ್ಟೇ. ಇದನ್ನು ನಕಲಿ ಮಾಡಿದರೆ ನಾನೇ ಮೂಗನಾದಂತೆ ಕಾಣುತ್ತಿತ್ತು. ನನ್ನ ಬಲೆಗೆ ಬೀಳದ ಮೊದಲ ಮನುಷ್ಯ ಅವನು. ಅಲ್ಲಿಂದಲೇ ನನಗೆ ಅವನ ಮೇಲೆ ಉರಿ.

ಬೆಳಗಾವಿಯ ಮಳೆ ಗಾಡಿಗಳಿಗೆ ಬಹಳ ಕೆಟ್ಟದ್ದು. ಅದರಲ್ಲೂ ಜಾಂಬೋಟಿಯ ಕಡೆ ಓಡಾಡುವ ಕಾರುಗಳು ಜುಲೈ ಹೊತ್ತಿಗೆ ಹಿಂದಿನ ದೀಪಗಳಲ್ಲಿ ನೀರು ತುಂಬಿಕೊಂಡು ಬರುತ್ತಿದ್ದವು. ಎರಡು ಮೀನು ಬಿಟ್ಟರೆ ಸಾಕು, ಮಕ್ಕಳು ನೋಡಲು ಬರುವಂತಿರುತ್ತಿತ್ತು. ನೀರಿಲ್ಲದಿದ್ದರೆ ಒಳಗೆಲ್ಲ ಮಬ್ಬು, ಹನಿಹನಿ ಬೆವರು. ಹಿಂದಿನ ಎರಡು ಮಳೆಗಾಲ ಆ ಕೆಲಸ ನನ್ನದಾಗಿತ್ತು. ನನ್ನ ಪದ್ಧತಿ ಸರಳ: ದೀಪ ಬಿಚ್ಚಿ ನೀರು ಚೆಲ್ಲಿ, ಹೋಳಿಗೆಗೆ ತುಪ್ಪ ಸವರಿದ ಹಾಗೆ ಸುತ್ತಲೂ ಸಿಲಿಕಾನ್ ಸವರಿ ಕೂಡಿಸುವುದು. ಎಂಟು ದಿನಕ್ಕೆ ಅದೇ ಗಾಡಿ ಮತ್ತೆ ಬರುತ್ತಿತ್ತು. "ಮಳಿ ಭಾಳ ಐತ್ರಿ," ಅಂತ ನಾನು ತಪ್ಪನ್ನು ಮಳೆಯ ಮೇಲೆ ಹಾಕುತ್ತಿದ್ದೆ. ಮಳೆ ಎಂದೂ ಎದುರು ಮಾತಾಡಲಿಲ್ಲ.

ಪರಸು ಮಾಡಿದ್ದೇ ಬೇರೆ. ದೀಪ ಬಿಚ್ಚಿ ಒಣಗಿಸಿ, ಒಳಗೆ ತನ್ನ ಕೆಂಪು ಪುಡಿಯನ್ನು ಊದಿ, ಅಂಚಿಗೆಲ್ಲ ಅಂಟುವಂತೆ ಬೆರಳಿನಿಂದ ತಟ್ಟಿದ. ಆಮೇಲೆ ಹೊರಗಿನಿಂದ ಚೊಂಬಿನಲ್ಲಿ ನೀರು ಹನಿಸುತ್ತ ಕೂತ. ಒಂದು ಮೂಲೆಯಲ್ಲಿ ಪುಡಿ ಕಪ್ಪಾಯಿತು, ಕೂದಲೆಳೆಯಂಥ ಗೆರೆ. ಅವರ ಮನೆಯಲ್ಲಿ ಸೋರುವ ಗಡಿಗೆಯನ್ನು ಹಾಗೇ ಹಿಡಿಯುತ್ತಿದ್ದರಂತೆ. ಸಿಲಿಕಾನ್ ಹಚ್ಚಿದ್ದು ಆ ಗೆರೆಯಷ್ಟಕ್ಕೆ ಮಾತ್ರ, ಗೋಧಿ ಕಾಳಿನಷ್ಟು. ದೀಪಕ್ಕೂ ಗಾಡಿಯ ಮೈಗೂ ನಡುವೆ ಇರುವ ರಬ್ಬರಿನ ವಾಶರ್ ಬಿರುಸಾಗಿದ್ದರೆ ಹೊಸದು ಕತ್ತರಿಸಿ ಕೂಡಿಸುತ್ತಿದ್ದ. ಒಳಗಿನ ಮಬ್ಬು ಆರಿಸಲು, ಭಟ್ಟಿಯಿಂದ ಆಗಷ್ಟೇ ತಂದ ಬಿಸಿ ಚುರುಮುರಿಯ ಚೀಲದಲ್ಲಿ ದೀಪವನ್ನು ಒಂದು ತಾಸು ಹುಗಿದಿಡುತ್ತಿದ್ದ. ಚುರುಮುರಿ ಮೆತ್ತಗಾಗುತ್ತಿತ್ತು, ಗಾಜು ಕನ್ನಡಿಯಂತೆ ಹೊರಗೆ ಬರುತ್ತಿತ್ತು. ಆ ಮೆತ್ತನೆಯ ಚುರುಮುರಿಗೆ ಒಗ್ಗರಣೆ ಹಾಕಿಸಿಕೊಂಡು ತಿಂದವನು ನಾನು. ಹೊಟ್ಟೆಕಿಚ್ಚು ಇದ್ದದ್ದು ಅವನ ಮೇಲೆ, ಚುರುಮುರಿಯ ಮೇಲಲ್ಲ.

ಎಲ್ಲ ಮುಗಿದ ಮೇಲೆ ಅವನು ದಬ್ಬಣ ಕಾಯಿಸಿ ದೀಪದ ತಳಕ್ಕೆ ಒಂದು ತೂತು ಹಾಕಿದ. ಅದರೊಳಗೆ ಸೈಕಲ್ಲಿನ ವಾಲ್‌ಟ್ಯೂಬಿನ, ಆ ಸಣ್ಣ ರಬ್ಬರ್ ಕೊಳವೆಯ, ಒಂದು ತುಂಡನ್ನು ಕೆಳಮುಖವಾಗಿ ಸೇರಿಸಿದ. ನನಗೆ ಹಬ್ಬವಾಯಿತು.

"ಏನಲೇ, ನೀರ ಬರ್ತೈತಂತ ಗಿರಾಕಿ ಬಂದ್ರ ನೀ ತೂತ ಹಾಕಾಕತ್ತೀಯಲ್ಲ! ನಾಳೆ ಟ್ಯೂಬ್ ಪಂಕ್ಚರ್ ಅಂತ ಬಂದ್ರ ಮೊಳಿ ಹೊಡೀತಿ ಏನು?"

"ಬಲ್ಬ ಹತ್ತಿದ್ರ ಒಳಗಿನ ಗಾಳಿ ಹಿಗ್ತೈತಿ," ಅಂದ ಪರಸು. "ಆರಿದ್ರ ಕುಗ್ತೈತಿ, ಹೊರಗಿಂದ ಎಳಕೊಂತೈತಿ. ಕೆಳಗ ದಾರಿ ಇದ್ರ ಬರೇ ಗಾಳಿ ಎಳಕೊಂತೈತಿ. ಇಲ್ಲಂದ್ರ ಮ್ಯಾಲ ಎಲ್ಲಿ ಸಂದಿ ಐತಿ ಅಲ್ಲಿಂದ ನೀರ ಎಳಕೊಂತೈತಿ."

ಆ ಮಳೆಗಾಲದಲ್ಲಿ ಗ್ಯಾರೇಜಿನೊಳಗೆ ಅವನಾಡಿದ ಅತಿ ಉದ್ದದ ಮಾತು ಅದು. ಹಿಂದೆ ನಿಂತಿದ್ದ ಮಿಸ್ತ್ರಿ ಕೆಮ್ಮುವುದನ್ನೂ ಮರೆತು, "ನಲವತ್ತ ವರ್ಷ ಆತು, ಇದನ್ನ ಯಾವನೂ ನನಗ ಹೇಳಿದ್ದಿಲ್ಲ ನೋಡು," ಅಂದರು. ಅಂದಿನಿಂದ ಮಿಸ್ತ್ರಿಯ ಬಾಯಲ್ಲಿ ಅವನು ಪರಸ್ಯಾ ಹೋಗಿ ಪರಸೂ ಆದ. ನಾನು ಸದ್ಯಾ ಆಗಿಯೇ ಉಳಿದೆ, ಖುಷಿಯಾದಾಗ ಮಂಗ್ಯಾ.

ಅವನು ಸರಿಮಾಡಿದ ದೀಪಗಳು ಮರಳಿ ಬರಲಿಲ್ಲ. ಅವುಗಳ ಬದಲು ಗಿರಾಕಿಗಳು ತಮ್ಮ ಭಾವ, ಮೈದುನರ ಗಾಡಿಗಳನ್ನು ತಂದರು. "ಆ ಮಣ್ಣಿನ ಹುಡುಗ ಎಲ್ಲಿ?" ಅಂತ ಕೇಳುತ್ತ ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಅವರ ನಡಿಗೆಯ ನಕಲಿ ಮಾಡುತ್ತಿದ್ದೆ. ನಗಲು ಅಲ್ಲಿ ಯಾರೂ ಉಳಿದಿರಲಿಲ್ಲ, ಎಲ್ಲರೂ ಪರಸುವಿನ ಸುತ್ತ ನಿಂತು ಕೆಂಪು ಪುಡಿ ಕಪ್ಪಾಗುವುದನ್ನು ನೋಡುತ್ತಿದ್ದರು. ಮಧ್ಯಾಹ್ನ ಮಿಸ್ತ್ರಿ ತಮ್ಮ ಬುತ್ತಿಯ ಹಿಂಡಿ ಚಟ್ನಿಯನ್ನು ಮೊದಲು ಅವನ ರೊಟ್ಟಿಗೆ ಹಾಕತೊಡಗಿದರು. ಮೊದಲು ನನಗೆ ಹಾಕುತ್ತಿದ್ದರು ಅಂತೇನಲ್ಲ. ಅದು ಬೇರೆ ವಿಷಯ.

ಶ್ರಾವಣದಲ್ಲಿ ಡಾಕ್ಟರ್‌ಬಾಯಿಯವರ ಕಾರು ಬಂತು. ಅವರ ಮನೆ ಹಿಂಡಲಗಾದಲ್ಲಿ. ವಾರಕ್ಕೆರಡು ಸಲ ತಾವೇ ಗಾಡಿ ಹೊಡೆದುಕೊಂಡು ಜಾಂಬೋಟಿಯ ಕಡೆಯ ಹಳ್ಳಿಗಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಆ ದಾರಿಯಲ್ಲಿ ಹಾಡಹಗಲೇ ಮಂಜು ಇಳಿದು ಮುಂದಿನ ಗಾಡಿ ಕಾಣುವುದಿಲ್ಲ. ಕಾಣುವುದೇನಿದ್ದರೂ ಅದರ ಕೆಂಪು ದೀಪ. "ಯಲ್ಲಪ್ಪಾ, ಇದೊಂದ ಛಲೋ ಮಾಡಿಕೊಡು," ಅಂತ ಹೇಳಿ ಹೋದರು. ಮಿಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. "ಪರಸೂ" ಅಂದರು, ಚಹಾಕ್ಕೆ ಹೋದರು.

ಮಳೆ ತಗಡಿನ ಮೇಲೆ ಡೋಲು ಬಾರಿಸುತ್ತಿತ್ತು. ಪರಸು ಕಾರಿನ ಹಿಂದೆ ಕೂತು, ಸಿಲಿಕಾನಿನ ನಳಿಗೆ ಬಾಜುವಿನಲ್ಲಿಟ್ಟುಕೊಂಡು, ತೂತಿಗೆ ವಾಲ್‌ಟ್ಯೂಬ್ ಸೇರಿಸುತ್ತಿದ್ದ. ನಾನು ಸಾಮಾನು ಇಡುವ ಕೋಣೆಯ ತಗಡಿನ ಗೋಡೆಯ ಆಚೆ ಇದ್ದೆ. ನನ್ನ ಮಿಸ್ತ್ರಿಯ ದನಿಯನ್ನು ಪರಸು ಅದುವರೆಗೆ ಕೇಳಿರಲಿಲ್ಲ. ಎರಡು ಸಲ ಕೆಮ್ಮಿದೆ.

"ಐಕ್ ರೇ ಪರಸೂ! ಆ ಕೆಳಗಿನ ತೂತೂ ಮುಚ್ಚಿಬಿಡು."

ಆ "ಪರಸೂ" ಅನ್ನುವುದನ್ನು ಮಿಸ್ತ್ರಿಯಷ್ಟು ಅಕ್ಕರೆಯಿಂದ ಅನ್ನಬೇಕಾಗಿತ್ತು. ನನ್ನ ಗಂಟಲು ಹರಿದುಹೋಯಿತು.

"ಮಿಸ್ತ್ರಿ, ಅದು ಇರಬೇಕ್ರಿ…"

"ನಿಮ್ಮೂರಾಗ ಗಡಗಿಗೆ ತೂತ ಹಾಕಿ ಮಾರ್ತೀರೇನಲೇ? ಮುಚ್ಚಂದ್ರ ಮುಚ್ಚು!"

 "ಹೂಂನ್ರಿ," ಅಂದ ಪರಸು. ಸಂದಿಯಿಂದ ನೋಡಿದೆ. ವಾಲ್‌ಟ್ಯೂಬ್ ಕಿತ್ತು ತೂತಿಗೆ ಸಿಲಿಕಾನ್ ಒತ್ತುತ್ತಿದ್ದ, ಇಷ್ಟವಿಲ್ಲದ ಔಷಧಿ ನುಂಗುವವನ ಮುಖ ಮಾಡಿಕೊಂಡು. ನನ್ನ ಲೆಕ್ಕ ಹೀಗಿತ್ತು: ನೀರು ತುಂಬದಿದ್ದರೆ, ಅವನ ತೂತಿನ ಪುರಾಣವೆಲ್ಲ ಬೂಟಾಟಿಕೆ ಅಂತಾಗುತ್ತದೆ, ತುಂಬಿದರೆ ಅವನಿಗೆ ಬೈಗುಳ. ಎರಡರಲ್ಲೂ ಡಬ್ಬಿ ನನ್ನ ಕಡೆ ನಾಲ್ಕು ಹೆಜ್ಜೆ ಸರಿಯುತ್ತದೆ. ಇಷ್ಟು ಜಾಣತನವನ್ನು ಕೆಲಸದಲ್ಲಿ ತೋರಿಸಿದ್ದರೆ ಡಬ್ಬಿ ತಾನಾಗಿಯೇ ಬರುತ್ತಿತ್ತು ಅನ್ನುವುದು ಹೊಳೆಯಲಿಲ್ಲ.

ಹತ್ತು ದಿನಕ್ಕೆ ಕಾರು ಮರಳಿತು. ಡಾಕ್ಟರ್‌ಬಾಯಿ ಇಳಿದವರು ಬೈಯಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಜಾಂಬೋಟಿ ದಾರ್‍ಯಾಗ ಎಮ್ಮಿ ಅಡ್ಡ ಬಂತು ಅಂತ ಬ್ರೇಕ್ ಹಾಕಿದೆ, ಯಲ್ಲಪ್ಪಾ. ಹಿಂದ ಲಾರಿ ಇತ್ತು. ಕನ್ನಡ್ಯಾಗ ಅದರ ಡ್ರೈವರನ ಮೀಸಿ ಎಣಿಸಬಹುದಿತ್ತು, ಅಷ್ಟ ಹತ್ರ ಬಂದು ನಿಂತ. ಇಳದ ಬಂದು, ಬಾಯಾರ, ನಿಮ್ಮ ಲೈಟ ಹತ್ತಿದ್ದ ಕಾಣವಲ್ದು ಅಂದ."

ಮಿಸ್ತ್ರಿ ತಾವೇ ದೀಪ ಬಿಚ್ಚಿದರು. ಒಂದು ಲೋಟದಷ್ಟು ನೀರು ಅವರ ಪಾದದ ಮೇಲೆ ಸುರಿಯಿತು. ತಳದ ತೂತಿನ ಮೇಲೆ ಬೆರಳಾಡಿಸಿ, "ಪರಸೂ, ಇದ್ಯಾಕ ಮುಚ್ಚೀದಿ?" ಅಂದರು.

"ನೀವ ಹೇಳಿದ್ರಲ್ರಿ."

"ನಾ?"

"ಹೌದ್ರಿ. ಆ ತಗಡಿನ ಆಚಿಂದ. ನಾ ಬ್ಯಾಡಂದ್ನಿ. ಮುಚ್ಚಂದ್ರ ಮುಚ್ಚು ಅಂದ್ರಿ."

ಮಿಸ್ತ್ರಿ ನನ್ನ ಕಡೆ ತಿರುಗಿದರು. "ಸದ್ಯಾ, ನೀನೂ ಇದ್ದಿ. ನಾ ಹಂಗ ಅಂದ್ನೇನು?"

"ಮಳಿ ಭಾಳ ಇತ್ರಿ," ಅಂದೆ. "ನನಗೇನೂ ಕೇಳಿಸ್ಲಿಲ್ರಿ."

ಪಾಪದ ಮಳೆ, ಆಗಲೂ ಎದುರು ಮಾತಾಡಲಿಲ್ಲ. ಈಗ ಪರಸುವಿಗೆ ಬೈಗುಳ ಬೀಳುತ್ತದೆ ಅಂತ ನಾನು ಕಿವಿ ತೆರೆದು ನಿಂತೆ. ಬೀಳಲೇ ಇಲ್ಲ. ಮಿಸ್ತ್ರಿ ಆ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಈ ಹುಡುಗ ಸುಳ್ಳ ಹೇಳಾಂವಲ್ಲ," ಅಂದರು, ಯಾರಿಗೋ ಅಲ್ಲ, ತಮಗೇ. ಅವರ ಅಣ್ಣ ಕಡೆಗಾಲದಲ್ಲಿ ಎಲ್ಲ ಮರೆತು, ಸ್ವಂತ ಮಗ ಎದುರು ಬಂದರೆ "ಬರ್ರಿ, ಕುಂದರ್ರಿ, ಯಾವೂರಿಂದ ಬಂದ್ರಿ?" ಅಂತ ಕೇಳುತ್ತಿದ್ದರಂತೆ. ಆ ಕಥೆಯನ್ನು ಮಿಸ್ತ್ರಿ ನಮಗೆ ನಗುತ್ತ ಹೇಳಿದ್ದರು. ಆವತ್ತು ಅದೇ ಕಥೆ ಅವರ ಮುಖದ ಮೇಲಿತ್ತು, ನಗು ಇರಲಿಲ್ಲ.

ಅಲ್ಲಿಂದ ಮುಂದೆ ನೋಡಲಾಗುತ್ತಿರಲಿಲ್ಲ. ಚಕ್ರದ ನಟ್ಟು ಬಿಗಿದು ಎರಡು ಹೆಜ್ಜೆ ಹೋಗಿ ಮರಳಿ ಬಂದು ಮತ್ತೆ ಬಿಗಿಯುತ್ತಿದ್ದರು. ಬೆರಳಿಗೆ ದಾರ ಕಟ್ಟಿಕೊಂಡರು, ಆಮೇಲೆ ಯಾಕೆ ಕಟ್ಟಿದ್ದು ಅಂತ ನನ್ನನ್ನೇ ಕೇಳಿದರು. ಬ್ರೇಕ್ ಕೆಲಸ ಬಂದರೆ ಬೇರೆ ಗ್ಯಾರೇಜಿಗೆ ಕಳಿಸತೊಡಗಿದರು. ಕೊನೆಗೆ ಬೈಯುವುದನ್ನೂ ಬಿಟ್ಟರು. ನಕಲಿ ಮಾಡೋಣವೆಂದರೆ ಅಸಲೇ ಇಲ್ಲದಂತಾಯಿತು. ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಅಂದರು: "ನವಮಿ ಪೂಜಾ ಮುಗಿಸಿ ನಾ ಮನ್ಯಾಗ ಕುಂದ್ರತೇನಿ. ಮಂದಿ ಜೀವದ ಕೆಲಸ ಇದು. ತಾ ಏನ ಅಂದ್ನಿ ಅನ್ನೂದ ನೆನಪಿಲ್ಲದಾಂವ ಇಲ್ಲಿ ಇರಬಾರ್ದು. ಪರಸೂನ್ನ ಕರಕೊಂಡ ಬಾ, ನವಮಿಗೆ ಅವ ಇರಬೇಕು."

ಪರಸು ಖಾನಾಪುರಕ್ಕೆ ಹೋಗಿದ್ದ. ನವರಾತ್ರಿಯ ಘಟಕ್ಕೆ ಗಡಿಗೆ ಬೇಕಾಗುವ ಕಾಲ, ಅವರ ಮನೆಯ ಭಟ್ಟಿಗೆ ಕೈ ಸಾಲುತ್ತಿರಲಿಲ್ಲ. ನಾನು ಬಸ್ಸು ಹಿಡಿದು ಹೋದೆ. ಮಳೆ ಹಿಂದೆಗೆದಿತ್ತು, ಭತ್ತ ತೆನೆ ಬಿಟ್ಟಿತ್ತು. ಪರಸುವಿನ ಮನೆಯ ಅಂಗಳಕ್ಕೆ ಕಾಲಿಡುವ ಮೊದಲೇ ಯಾರೋ ದೊಡ್ಡ ದನಿಯಲ್ಲಿ ಮರಾಠಿಯಲ್ಲಿ ಕಥೆ ಹೇಳಿ ನಗಿಸುತ್ತಿದ್ದದ್ದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಪರಸು! ಮನೆಯಲ್ಲಿ ಅವನು ಮಾತಿನ ಮಲ್ಲ. ಇಷ್ಟು ದಿನ ನನ್ನಿಂದ ಬಚ್ಚಿಟ್ಟಿದ್ದನಲ್ಲ ಅಂತ ಅದಕ್ಕೂ ಉರಿದೆ.

ಅವನ ತಾಯಿ ಸಾಲಾಗಿಟ್ಟ ಗಡಿಗೆಗಳನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು, ಒಂದೊಂದನ್ನೇ ಆಚೆ ಸರಿಸುತ್ತಿದ್ದರು. ನನ್ನನ್ನು ನೋಡಿ, "ಇಂವನ ಏನ್ ಸದಾ? ಬಾರಪಾ, ಕುಂದರು. ಮನ್ಯಾಗ ಬರೇ ನಿಂದ ಸುದ್ದಿ. ಎಲ್ಲಾರ ದನಿ ತಗೀತಿಯಂತ. ಎಲ್ಲಿ, ನಮ್ಮ ಪರಸೂಂದು ತಗಿ ನೋಡೂಣು?" ಅಂದರು.

"ಅವಂದು ಬರಂಗಿಲ್ಲರಿ ಆಯಿ," ಅಂದೆ. ಅದೊಂದೇ ಖರೇ ಮಾತು ಆ ಮಳೆಗಾಲದಲ್ಲಿ ನನ್ನ ಬಾಯಿಂದ ಬಂದದ್ದು.

ಚಹಾ ಕುಡಿಯುತ್ತ ಮಿಸ್ತ್ರಿಯ ನಿರ್ಧಾರ ಹೇಳಿದೆ. ಪರಸು ಭಟ್ಟಿಯ ಬೂದಿ ಕೆದಕಿದ. ಆಮೇಲೆ ಅಂದ: "ನಾ ನವಮಿ ದಿನ ಹೇಳಾಂವದೇನಿ. ನನಗ ಯಾರೂ ಮುಚ್ಚು ಅಂದಿಲ್ಲ, ನಾನ ಗಡಿಬಿಡ್ಯಾಗ ಮುಚ್ಚಿದ್ನಿ, ಬೈತೀರಂತ ಸುಳ್ಳ ಹೇಳಿದ್ನಿ ಅಂತ."

"ಖರೇ ಅವರ ಹೇಳಿದ್ರಲ್ಲೋ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಹೇಳಿದ್ರು. ಅದ ಅವರಿಗೆ ನೆನಪಿಲ್ಲ, ಹೆದರ್‍ಯಾರ. ನಾ ಸುಳ್ಳ ಅಂತಾದ್ರ ಅವರ ತಲಿ ಸರಿ ಐತಿ ಅಂತಾಕ್ಕೈತಿ."

"ಡಬ್ಬಿ ಹೋಗ್ತೈತಲೇ ನಿಂದು!"

"ಹೋಗ್ಲಿ ಬಿಡು. ಅವರ ಮನ್ಯಾಗ ಕುಂತ್ರ ನನಗ ಕಲಸಾವರ ಯಾರು?"

ಬಸ್ಸಿನಲ್ಲಿ ಮರಳುವಾಗ ಬೆಳಗಾವಿಯವರೆಗೂ ನಾನು ಹಲ್ಲು ಕಚ್ಚಿ ಕೂತಿದ್ದೆ. ಪಶ್ಚಾತ್ತಾಪ ಅಂತ ಬರೆದರೆ ಓದಲು ಚಂದ ಇರುತ್ತಿತ್ತು. ಆದರೆ ಅದು ಶುದ್ಧ ಹೊಟ್ಟೆಕಿಚ್ಚು. ಕೆಲಸ ಅವನದು, ಹಿಂಡಿ ಅವನದು, ಪರಸೂ ಅನ್ನುವ ಅಕ್ಕರೆ ಅವನದು. ಈಗ ನಾನು ಮಾಡಿದ ತಪ್ಪನ್ನೂ ಹೊತ್ತುಕೊಂಡು ಅದರಲ್ಲೂ ದೊಡ್ಡವನಾಗಲು ಹೊರಟಿದ್ದ. ಆ ತಪ್ಪು ನನ್ನದು. ಇಡೀ ಮಳೆಗಾಲದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸವೆಂದರೆ ಅದೊಂದೇ. ಅದನ್ನೂ ಇವನಿಗೆ ಬಿಟ್ಟುಕೊಡಬೇಕೆ?

ನವಮಿಯ ದಿನ ಪಾನಾಗಳೆಲ್ಲ ತೊಳೆದು ಹೊಳೆಯುತ್ತಿದ್ದವು. ಚೆಂಡುಹೂವು, ಕುಂಕುಮ, ಊದುಬತ್ತಿ. ಬಾಜುವಿನ ಅಂಗಡಿಯವರೂ ಬಂದು ನಿಂತಿದ್ದರು. ಮಿಸ್ತ್ರಿ ಆರತಿ ಮುಗಿಸಿ ಡಬ್ಬಿಗೆ ಕುಂಕುಮ ಹಚ್ಚಲು ಬಗ್ಗಿದರು. 

"ಮಿಸ್ತ್ರಿ," ಅಂದ ಪರಸು, "ಒಂದ ಮಾತ ಹೇಳೂದೈತ್ರಿ. ಅವತ್ತ ಡಾಕ್ಟರ್‌ಬಾಯಿ ಗಾಡಿದು, ನನಗ ಯಾರೂ…"

ನಾನು ಆಗಲೇ ತಗಡಿನ ಆಚೆ ಜಾರಿದ್ದೆ. ಎರಡು ಸಲ ಕೆಮ್ಮಿದೆ.

"ಐಕ್ ರೇ ಪರಸೂ! ಆ ಕೆಳಗಿನ ತೂತೂ ಮುಚ್ಚಿಬಿಡು! ಮುಚ್ಚಂದ್ರ ಮುಚ್ಚು!"

ಈಚೆ ಬಂದು ನೋಡಿದರೆ ಎಲ್ಲರೂ ಮಿಸ್ತ್ರಿಯ ಬಾಯಿ ನೋಡುತ್ತಿದ್ದರು. ಮಿಸ್ತ್ರಿಯ ಒಂದು ಕೈ ತಮ್ಮ ಗಂಟಲಿನ ಮೇಲೆ ಹೋಗಿತ್ತು, ಅದು ಅಲ್ಲೇ ಇದೆಯೋ ಅಂತ ನೋಡುವವರಂತೆ. ಗಂಟಲಿಗೆಲ್ಲ ಕುಂಕುಮ.

"ಅದ ನಾನ್ರಿ," ಅಂದೆ, ನನ್ನ ಸ್ವಂತ ಹಾರ್ನಿನಲ್ಲಿ. "ಅವತ್ತ ನೀವು ಚಹಾಕ್ಕ ಹೋಗಿದ್ರಿ. ಇಂವನ ಮ್ಯಾಲ ಹೊಟ್ಟಿಕಿಚ್ಚಿತ್ತು. ನಿಮ್ಮ ತಲಿ ಸರಿ ಐತ್ರಿ. ಕೆಟ್ಟದ್ದು ನಂದು."

 ಮಿಸ್ತ್ರಿ, "ಇನ್ನೊಮ್ಮೆ ಅನ್ನು," ಅಂದರು. ಅಂದೆ. ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೊಮ್ಮೆ." ಮತ್ತೆ ಅಂದೆ, ಕೆಮ್ಮಿನ ಸಮೇತ. ಮೂರನೆಯ ಸಲಕ್ಕೆ ಅವರು ಹಳೆಯ ಟಯರಿನ ಮೇಲೆ ಕೂತು ಒಂದು ಉದ್ದನೆಯ ಉಸಿರು ಬಿಟ್ಟರು. ಎರಡು ತಿಂಗಳಿಂದ ಒಳಗೆ ಹಿಡಿದಿಟ್ಟಿದ್ದ ಉಸಿರು. ಆಮೇಲೆ ಬೆರಳಿನ ದಾರವನ್ನು ಹಲ್ಲಿನಿಂದ ಕಡಿದು ಉಗುಳಿದರು. ಎದ್ದು ಡಬ್ಬಿಯನ್ನು ಎತ್ತಿ ಪರಸುವಿನ ಮುಂದೆ ಇಟ್ಟು, "ನಾಳಿಂದ ನಾನೂ ದಿನಾ ಬರ್ತೇನಿ. ಬ್ರೇಕ್ ಕೆಲಸ ಯಾವದೂ ಹೊರಗ ಹೋಗಬಾರ್ದು," ಅಂದರು. ಪರಸು ನನ್ನನ್ನೇ ನೋಡುತ್ತಿದ್ದ. ಬೈದಿದ್ದರೆ ಅವನ ದನಿಯಾದರೂ ಸಿಗುತ್ತಿತ್ತು. 

ನನ್ನನ್ನು ತೆಗೆದುಹಾಕುತ್ತಾರೆ ಅಂತ ಕಾಯುತ್ತ ನಿಂತೆ. ಅದೂ ಇಲ್ಲ, ಬೈಗುಳವೂ ಇಲ್ಲ.  ಹುಟ್ಟುಗುಣ, ಬಾಯಿ ಜಾರಿತು:

"ಆದ್ರ ಮಿಸ್ತ್ರಿ, ಖರೇ ಹೇಳ್ರಿ. ದನಿ ಮಾತ್ರ ಹುಬೇಹೂಬ ನಿಮ್ಮದ ಇತ್ತು, ಹೌದಿಲ್ಲೋ?"

ಮಿಸ್ತ್ರಿ ಎರಡು ಸಲ ಕೆಮ್ಮಿದರು.

"ಐಕ್ ರೇ ಮಂಗ್ಯಾ. ದನಿ ನಂದ ಇತ್ತು, ಬುದ್ಧಿ ನಿಂದ ಇತ್ತು. ಅದಕ್ಕ ನೀರ ತುಂಬಿತು."